ಮೌಸ್ ಮುಟ್ಟದೆ ಆಡಿಯೋ ಎಡಿಟಿಂಗ್: ಕಣ್ಣು ಕಾಣದವರಿಗೆ ಆಡಾಸಿಟಿ ಕೀಬೋರ್ಡ್ ಮಾರ್ಗದರ್ಶಿ

ನನ್ ಹತ್ರ 38 ನಿಮಿಷದ ಒಂದು ರೆಕಾರ್ಡಿಂಗ್ ಇದೆ. ಪಾಂಡವಪುರದ ಹತ್ರ ನಮ್ಮೂರಲ್ಲಿ ಅಜ್ಜೀನ ಜಗಲಿ ಮೇಲೆ ಕೂರಿಸ್ಕೊಂಡು ಸೋಬಾನೆ ಪದ ಹಾಡಿಸಿದ್ದು. ಅದರಲ್ಲಿ ಹಾಡು ಅಂತ ಇರೋದು 11 ನಿಮಿಷ, ಮಿಕ್ಕಿದ್ದೆಲ್ಲ ಕೆಮ್ಮು, ಕೋಳಿ, ಕುಕ್ಕರ್ ವಿಸಿಲ್ಲು, ಕಬ್ಬು ತುಂಬ್ಕೊಂಡು ಹೋಗೋ ಟ್ರ್ಯಾಕ್ಟರು, ಮಧ್ಯೆ ಮಧ್ಯೆ "ಮುಂದುಕ್ಕೆ ಏನ್ಲಾ ಅದು, ನಾಲ್ಗೆ ತುದೀಲೇ ಅದೆ" ಅಂತ ಅಜ್ಜಿ ನೆನಪು ಮಾಡ್ಕೊಳೋದು. ಇದನ್ನ ಎಡಿಟ್ ಮಾಡ್ಬೇಕು ಅಂದಾಗ ಮನೇಲೆಲ್ಲ ಹೇಳಿದ್ದು ಒಂದೇ ಮಾತು, ಯಾರಾದ್ರೂ ಕಣ್ಣು ಕಾಣೋರ ಕೈಲಿ ಮಾಡಿಸು ಅಂತ. ಅದಕ್ಕೂ ಮುಂಚೆ ಒಂದು ಕಂಪ್ಯೂಟರ್ ಕ್ಲಾಸಲ್ಲೂ ಇದೇ ಮಾತು ಕೇಳಿದ್ದೆ, ಸ್ಕ್ರೀನ್ ಮೇಲೆ ಅಲೆ ಅಲೆ ಥರ ಒಂದು ಚಿತ್ರ ಬರುತ್ತೆ, ಅದನ್ನ ನೋಡಿ ಕತ್ತರಿಸಬೇಕು, ನಿನಗೆ ಆಗಲ್ಲ ಅಂತ.

ಆಗುತ್ತೆ. ನಾನಿರೋ ಮೈಸೂರು ಅಂದ್ರೆ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದ ಊರು, ಆಕಾಶವಾಣಿ ಅನ್ನೋ ಹೆಸರು ಬಂದಿದ್ದೇ ಇಲ್ಲಿಂದ. ಆಮೇಲೆ ಟೇಪ್ ಬಂದ ಕಾಲದಲ್ಲಿ ರೇಡಿಯೋದವರು ಎಡಿಟ್ ಮಾಡ್ತಿದ್ದಿದ್ದು ಹೇಗೆ ಗೊತ್ತಾ, ಟೇಪ್ ಸುರುಳೀನ ಕೈಯಲ್ಲಿ ಹಿಂದೆ ಮುಂದೆ ಆಡಿಸಿ, ಕಿವಿಯಲ್ಲಿ ಜಾಗ ಹಿಡಿದು, ಗುರುತು ಹಾಕಿ, ಬ್ಲೇಡಲ್ಲಿ ಕತ್ತರಿಸಿ ಅಂಟಿಸ್ತಿದ್ರು. ಆಗ ಚಿತ್ರ ಗಿತ್ರ ಏನೂ ಇರಲಿಲ್ಲ. ನಾವು ಮಾಡೋದೂ ಅದೇ ಕೆಲಸ, ಬ್ಲೇಡ್ ಜಾಗದಲ್ಲಿ ಕೀಬೋರ್ಡ್ ಅಷ್ಟೆ. ಕತ್ತರಿಸೋ ಜಾಗದ ಎರಡೂ ಕಡೆ ಕಿವಿಗೊಟ್ಟು ಕೇಳೋದು ಬಂದ್ಬಿಟ್ರೆ ಮುಕ್ಕಾಲು ಪಾಲು ಎಡಿಟಿಂಗ್ ಬಂದಂಗೇ, ಅದಕ್ಕೇ ಕೆಳಗೆ ಆ ಭಾಗವನ್ನ ಜಾಸ್ತಿ ಬಿಡಿಸಿ ಬರೆದಿದೀನಿ.

ಏನೇನು ಬೇಕು

ವಿಂಡೋಸ್ ಇರೋ ಸಾಧಾರಣ ಲ್ಯಾಪ್‌ಟಾಪ್ ಸಾಕು. ಸ್ಕ್ರೀನ್ ಮೇಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್ ಎನ್‌ವಿಡಿಎ, ದುಡ್ಡಿಲ್ಲದೆ ಸಿಗುತ್ತೆ, ಅದರ ಜೊತೆ ಬರೋ ಇಸ್ಪೀಕ್ ಧ್ವನಿ ಕನ್ನಡಾನೂ ಓದುತ್ತೆ. ಎಡಿಟ್ ಮಾಡೋಕೆ ಆಡಾಸಿಟಿ, ಅದೂ ಉಚಿತ. ನಾನಿಲ್ಲಿ ಹೇಳೋದೆಲ್ಲ ಆಡಾಸಿಟಿಯ 3ರ ಸರಣಿಗೆ. ಜೊತೆಗೆ ಒಂದು ವೈರ್ ಇರೋ ಹೆಡ್‌ಫೋನ್ ತಗೊಳ್ಳಿ, ದಯವಿಟ್ಟು ಬ್ಲೂಟೂತ್ ಬೇಡ, ಬ್ಲೂಟೂತಲ್ಲಿ ಸೌಂಡ್ ಸ್ವಲ್ಪ ತಡವಾಗಿ ಕಿವಿಗೆ ಬರುತ್ತೆ, ನೀವು ಕೇಳಿ ಕೀ ಒತ್ತೋ ಹೊತ್ತಿಗೆ ಜಾಗ ದಾಟಿ ಹೋಗಿರುತ್ತೆ. ಫೋನಲ್ಲಿ ರೆಕಾರ್ಡ್ ಮಾಡಿದ ಎಂ4ಎ ಫೈಲ್ ತೆಗೀಬೇಕಂದ್ರೆ ಎಫ್ಎಫ್‌ಎಂಪೆಗ್ ಅನ್ನೋ ಲೈಬ್ರರಿ ಬೇರೆ ಹಾಕ್ಕೋಬೇಕು, ಡಬ್ಲ್ಯೂಎವಿ ಮತ್ತೆ ಎಂಪಿ3ಗೆ ಅದರ ಅವಶ್ಯಕತೆ ಇಲ್ಲ.

ಒಂದೇ ಸಲ ಮಾಡ್ಕೋಬೇಕಾದ ಸೆಟ್ಟಿಂಗು

ಆಡಾಸಿಟಿ ತೆಗೆದು ಕಂಟ್ರೋಲ್ ಪಿ ಒತ್ತಿ, ಪ್ರಿಫರೆನ್ಸಸ್ ಬರುತ್ತೆ. ಎಡಗಡೆ ಪಟ್ಟಿ ಇದೆ, ಕೆಳಗಿನ ಬಾಣದಲ್ಲಿ ಹೋಗಿ ಕೀಬೋರ್ಡ್ ಅನ್ನೋದಕ್ಕೆ ಬನ್ನಿ, ಟ್ಯಾಬ್ ಒತ್ಕೊಂಡು ಡೀಫಾಲ್ಟ್ಸ್ ಬಟನ್ ಹುಡುಕಿ ಒತ್ತಿದ್ರೆ ಸ್ಟ್ಯಾಂಡರ್ಡ್, ಫುಲ್ ಅಂತ ಎರಡು ಬರುತ್ತೆ. ಫುಲ್ ಆರಿಸಿ. ಇದನ್ನ ಮಾಡದೇ ಇದ್ರೆ ನಮಗೆ ತುಂಬ ಬೇಕಾದ ಶಿಫ್ಟ್ ಎಫ್5 ಇಂದ ಎಫ್8ರ ತನಕದ ಕೀಗಳು ಕೆಲಸಾನೇ ಮಾಡಲ್ಲ, ನಾನು ಒಂದು ವಾರ ಇದಕ್ಕೇ ಒದ್ದಾಡಿದೀನಿ, ಲ್ಯಾಪ್‌ಟಾಪ್ ಕೀಬೋರ್ಡೇ ಕೆಟ್ಟಿದೆ ಅನ್ಕೊಂಡಿದ್ದೆ.

ಅದೇ ಕಿಟಕಿಯಲ್ಲಿ ಇಂಟರ್‌ಫೇಸ್ ಅನ್ನೋದ್ರಲ್ಲಿ ದೊಡ್ಡ ಕೆಲಸ ಮುಗಿದಾಗ ಬೀಪ್ ಮಾಡು ಅನ್ನೋ ಚೆಕ್‌ಬಾಕ್ಸ್ ಇದೆ, ಹಾಕ್ಕೊಳಿ. ಟ್ರ್ಯಾಕ್ಸ್ ಬಿಹೇವಿಯರ್ಸಲ್ಲಿ ಹೊಸ ಲೇಬಲ್ ಹೆಸರಿಗೆ ಡೈಲಾಗ್ ಬಳಸು ಅನ್ನೋದನ್ನೂ ಹಾಕ್ಕೊಳಿ (ಲೇಬಲ್ ಅಂದ್ರೆ ರೆಕಾರ್ಡಿಂಗಲ್ಲಿ ನಾವು ಹಾಕೋ ಗುರುತು), ಯಾಕಂತ ಮುಂದೆ ಹೇಳ್ತೀನಿ. ಅಲ್ಲೇ, ಏನೂ ಸೆಲೆಕ್ಟ್ ಆಗಿಲ್ಲದಿದ್ರೆ ಎಲ್ಲಾನೂ ಸೆಲೆಕ್ಟ್ ಮಾಡ್ಕೋ ಅನ್ನೋ ಇನ್ನೊಂದು ಚೆಕ್‌ಬಾಕ್ಸ್ ಇರುತ್ತೆ, ಅದನ್ನ ಮಾತ್ರ ಖಾಲಿ ಬಿಡಿ, ಇಲ್ಲಾಂದ್ರೆ ಒಂದು ಕೆಮ್ಮಿಗೆ ಅಂತ ಹಾಕಿದ ಎಫೆಕ್ಟ್ ಪೂರ್ತಿ ಹಾಡಿನ ಮೇಲೆ ಕೂತ್ಕೊಳ್ಳುತ್ತೆ, ಕಣ್ಣಲ್ಲಿ ನೋಡೋರಿಗೆ ತಕ್ಷಣ ಗೊತ್ತಾಗುತ್ತೆ, ನಮಗೆ ಆಮೇಲೆ ಯಾವಾಗ್ಲೋ ಗೊತ್ತಾಗುತ್ತೆ.

ಇನ್ನು ಎನ್‌ವಿಡಿಎ ಕಡೆ. ಎನ್‌ವಿಡಿಎ ಕೀ ಅಂದ್ರೆ ಇನ್ಸರ್ಟ್ ಅಥವಾ ಕ್ಯಾಪ್ಸ್ ಲಾಕ್, ನೀವು ಯಾವುದು ಇಟ್ಕೊಂಡಿದೀರೋ ಅದು. ಆಡಾಸಿಟಿ ಒಳಗೆ ಇದ್ದಾಗ ಎನ್‌ವಿಡಿಎ ಕಂಟ್ರೋಲ್ ಪಿ ಒತ್ತಿ ಕಾನ್ಫಿಗರೇಷನ್ ಪ್ರೊಫೈಲ್ಸ್ ತೆಗೆದು, ನ್ಯೂ ಒತ್ತಿ, ಈಗಿನ ಅಪ್ಲಿಕೇಷನ್ನಿಗೆ ಮಾತ್ರ ಅನ್ನೋದನ್ನ ಆರಿಸಿ ಒಂದು ಪ್ರೊಫೈಲ್ ಮಾಡ್ಕೊಳಿ. ಆಮೇಲೆ ಎನ್‌ವಿಡಿಎ ಕೀ ಜೊತೆ 2 ಒತ್ತಿ ಟೈಪ್ ಮಾಡಿದ ಅಕ್ಷರ ಹೇಳೋದನ್ನ ನಿಲ್ಲಿಸಿ. ಇಲ್ಲಾಂದ್ರೆ ನೀವು ಪ್ಲೇ ಮಾಡೋಕೆ ಸ್ಪೇಸ್ ಒತ್ತಿದಾಗೆಲ್ಲ "ಸ್ಪೇಸ್" ಅಂತ ಕೂಗುತ್ತೆ, ಹಾಡಿನ ಮೊದಲ ಅಕ್ಷರಾನೇ ಮುಚ್ಚೋಗುತ್ತೆ. ಪ್ರೊಫೈಲ್ ಮಾಡಿರೋದ್ರಿಂದ ಬೇರೆ ಕಡೆ ಟೈಪ್ ಮಾಡುವಾಗ ಎಂದಿನಂತೆ ಅಕ್ಷರ ಹೇಳುತ್ತೆ.

ಇನ್ನೂ ಒಳ್ಳೇದು ಬೇಕಂದ್ರೆ ಒಂದು ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಂಡು, ಎನ್‌ವಿಡಿಎ ಸೆಟ್ಟಿಂಗಲ್ಲಿ ಆಡಿಯೋ ಔಟ್‌ಪುಟ್ ಅದಕ್ಕೆ ಕೊಟ್ಟುಬಿಡಿ, ಆಡಾಸಿಟಿ ಇನ್ನೊಂದರಲ್ಲಿ ಇರಲಿ. ಮಾತು ಒಂದು ಕಡೆಯಿಂದ, ಹಾಡು ಒಂದು ಕಡೆಯಿಂದ. ಇದು ಅಭ್ಯಾಸ ಆದ್ಮೇಲೆ ಹಿಂದಕ್ಕೆ ಹೋಗೋಕೆ ಮನಸ್ಸೇ ಬರಲ್ಲ.

ನಮ್ಮ ಕನ್ನಡದವರಿಗೆ ಮಾತ್ರ ಬರೋ ತೊಂದರೆ ಒಂದಿದೆ. ಕೀಬೋರ್ಡ್ ಕನ್ನಡ ಇನ್‌ಸ್ಕ್ರಿಪ್ಟಲ್ಲಿ ಇದ್ರೆ ಚೌಕ ಬ್ರ್ಯಾಕೆಟ್ಟಿನ ಜಾಗದಲ್ಲಿ "ಡ" ಇರುತ್ತೆ, ಶಾರ್ಟ್‌ಕಟ್ ಕೈಕೊಡುತ್ತೆ. ಫೈಲಿಗೆ ಕನ್ನಡದಲ್ಲಿ ಹೆಸರು ಕೊಟ್ಟು ಹಂಗೇ ಎಡಿಟಿಂಗಿಗೆ ಬಂದಾಗ ಇದು ಆಗೇ ಆಗುತ್ತೆ. ವಿಂಡೋಸ್ ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬನ್ನಿ, ಸರಿ ಹೋಗುತ್ತೆ. ಹಾಗೇ ಕೆಲವು ಲ್ಯಾಪ್‌ಟಾಪಲ್ಲಿ ಎಫ್5 ಎಫ್6 ಒತ್ತಿದ್ರೆ ವಾಲ್ಯೂಮು ಬ್ರೈಟ್‌ನೆಸ್ಸು ಅಂತ ಹೋಗುತ್ತೆ, ಅಂಥದ್ರಲ್ಲಿ ಎಫ್ಎನ್ ಕೀ ಸೇರಿಸಿ ಒತ್ತಬೇಕು ಅಥವಾ ಎಫ್ಎನ್ ಲಾಕ್ ಹಾಕ್ಕೋಬೇಕು.

ರೆಕಾರ್ಡ್ ಮಾಡುವಾಗ

ಮೈಕು ಬಾಯಿಂದ ಒಂದು ಗೇಣು ದೂರ ಇರಲಿ, ನೇರ ಎದುರಿಗಲ್ಲ, ಸ್ವಲ್ಪ ಓರೆಯಾಗಿ. ಫ್ಯಾನ್ ಆಫ್ ಮಾಡಿ, ಲ್ಯಾಪ್‌ಟಾಪ್ ಚಾರ್ಜರ್ ಕೂಡ ತೆಗೀರಿ, ನಮ್ಮ ಕರೆಂಟು 50 ಹರ್ಟ್ಸ್, ಕೆಲವು ಚಾರ್ಜರಲ್ಲಿ ಅದರ ಗುಂಯ್ ಅನ್ನೋ ಸದ್ದು ಮೈಕಿಗೆ ಬರುತ್ತೆ. ಸರಸ್ವತಿಪುರಂನಲ್ಲಿ ನನ್ನ ರೂಮಲ್ಲಿ ಬೆಳಿಗ್ಗೆ ಐದಕ್ಕೆ ಎದ್ರೆ ಒಂದು ಮುಕ್ಕಾಲು ಗಂಟೆ ನಿಶ್ಶಬ್ದ ಸಿಗುತ್ತೆ, ಆಮೇಲೆ ಕುಕ್ಕರಹಳ್ಳಿ ಕೆರೆ ಕಡೆಯ ಹಕ್ಕಿಗಳು, ಅದಾದ್ಮೇಲೆ ಮೇಲ್ಮನೆಯ ನೀರಿನ ಮೋಟ್ರು.

ರೆಕಾರ್ಡಿಗೆ ಆರ್ ಒತ್ತಿ, ನಿಲ್ಲಿಸೋಕೆ ಸ್ಪೇಸ್. ಹೊಸ ಟ್ರ್ಯಾಕಲ್ಲಿ, ಅಂದ್ರೆ ಅದೇ ಪ್ರಾಜೆಕ್ಟಿನ ಬೇರೆ ಪದರದಲ್ಲಿ, ಬೇಕಂದ್ರೆ ಶಿಫ್ಟ್ ಆರ್. ಶುರು ಮಾಡೋ ಮುಂಚೆ ಹತ್ತು ಸೆಕೆಂಡ್ ಯಾರೂ ಮಾತಾಡದೆ ಸುಮ್ನೆ ಕೂತ್ಕೊಳಿ, ಆ ಖಾಲಿ ಸದ್ದು ರೆಕಾರ್ಡ್ ಆಗಲಿ. ಈ ಹತ್ತು ಸೆಕೆಂಡ್ ಮುಂದೆ ಎರಡು ಕಡೆ ಕೆಲಸಕ್ಕೆ ಬರುತ್ತೆ.

ಸೌಂಡ್ ಲೆವೆಲ್ ಸರಿಯಾಗಿದೆಯಾ ಅಂತ ಮೀಟರ್ ನೋಡೋಕೆ ನಮಗೆ ಆಗಲ್ಲ, ಅದಕ್ಕೆ ಒಂದು ದಾರಿ ಇದೆ. ಅರ್ಧ ನಿಮಿಷ ಟೆಸ್ಟ್ ರೆಕಾರ್ಡ್ ಮಾಡಿ, ಹಾಡೋರಿಗೆ ಜೋರಾಗೇ ಹಾಡೋಕೆ ಹೇಳಿ. ಕಂಟ್ರೋಲ್ ಎ ಒತ್ತಿ ಎಲ್ಲ ಸೆಲೆಕ್ಟ್ ಮಾಡಿ ಎಫೆಕ್ಟ್ ಮೆನುವಿಂದ ಆಂಪ್ಲಿಫೈ ತೆಗೀರಿ. ಅದು ತೆರೆದ ತಕ್ಷಣ ಒಂದು ಸಂಖ್ಯೆ ಓದುತ್ತೆ, ಸೌಂಡನ್ನ ಗರಿಷ್ಠ ಮಟ್ಟಕ್ಕೆ ತರೋಕೆ ಎಷ್ಟು ಡೆಸಿಬಲ್ ಬೇಕು ಅಂತ. ಅದು 6ರಿಂದ 12ರೊಳಗೆ ಇದ್ರೆ ಚೆನ್ನಾಗಿದೆ. ಸೊನ್ನೆ ಅಂತ ಓದಿದ್ರೆ ಸೌಂಡ್ ಒಡೆದಿದೆ ಅಂತ ತಿಳ್ಕೊಂಡು ಮೈಕ್ ಲೆವೆಲ್ ಇಳಿಸಿ, 25 ಮೂವತ್ತು ಅಂತ ಓದಿದ್ರೆ ತುಂಬ ಕಮ್ಮಿ, ಮೈಕ್ ಹತ್ರ ತನ್ನಿ. ನೋಡ್ಕೊಂಡ್ಮೇಲೆ ಎಸ್ಕೇಪ್ ಒತ್ತಿ ಆಚೆ ಬನ್ನಿ, ಎಂಟರ್ ಒತ್ತಬೇಡಿ.

ಪಾಠ ಓದಿ ರೆಕಾರ್ಡ್ ಮಾಡೋರಿಗೆ ಶಿಫ್ಟ್ ಡಿ ಅನ್ನೋ ಕೀ ವರ. ಓದ್ತಾ ತಪ್ಪಾಯ್ತು ಅನ್ಕೊಳಿ, ನಿಲ್ಲಿಸಿ, ಕರ್ಸರ್‌ನ ತಪ್ಪಿಗೆ ಸ್ವಲ್ಪ ಹಿಂದಿನ ವಾಕ್ಯದ ಕೊನೆಗೆ ತಂದು ಶಿಫ್ಟ್ ಡಿ ಒತ್ತಿದ್ರೆ ಅದಕ್ಕೂ ಹಿಂದಿನ ಕೆಲವು ಸೆಕೆಂಡ್ ನಿಮಗೇ ಕೇಳಿಸಿ, ಸರಿಯಾಗಿ ಕರ್ಸರ್ ಇರೋ ಜಾಗದಿಂದ ರೆಕಾರ್ಡ್ ಶುರು ಮಾಡುತ್ತೆ, ನೀವು ಅದೇ ಧಾಟಿಯಲ್ಲಿ ಮುಂದುವರಿಸಬಹುದು. ಆದ್ರೆ ಆ ಜಾಗದಿಂದ ಮುಂದಿದ್ದ ಹಳೇದು ಹೋಗುತ್ತೆ, ಹಾಗಾಗಿ ತಪ್ಪಾದ ಕೂಡಲೇ ಮಾಡ್ಬೇಕು, ಪೂರ್ತಿ ಓದಿ ಮುಗಿಸಿದ್ಮೇಲೆ ಅಲ್ಲ.

ಓಡಾಡೋದು ಕಲಿಯೋದು

ಫೈಲ್ ತರೋಕೆ ಕಂಟ್ರೋಲ್ ಶಿಫ್ಟ್ ಐ. ಸ್ಪೇಸ್ ಒತ್ತಿದ್ರೆ ಪ್ಲೇ, ಮತ್ತೆ ಒತ್ತಿದ್ರೆ ನಿಂತು ಶುರುವಾದ ಜಾಗಕ್ಕೇ ವಾಪಸ್ಸು. ಎಕ್ಸ್ ಒತ್ತಿ ನಿಲ್ಲಿಸಿದ್ರೆ ಕರ್ಸರ್ ನಿಂತ ಜಾಗದಲ್ಲೇ ಇರುತ್ತೆ. ಈ ಸ್ಪೇಸ್ ಮತ್ತೆ ಎಕ್ಸಿನ ವ್ಯತ್ಯಾಸ ಮೊದಲ ದಿನವೇ ಕೈಗೆ ಹತ್ತಿಸ್ಕೊಳಿ, ಹತ್ತು ಸಲ ಅದನ್ನೇ ಮಾಡಿ ನೋಡಿ. ಪಿ ಒತ್ತಿದ್ರೆ ತಾತ್ಕಾಲಿಕವಾಗಿ ನಿಲ್ಲುತ್ತೆ, ಆದ್ರೆ ಪಾಸ್‌ನಲ್ಲಿ ಇರುವಾಗ ಕತ್ತರಿಸೋದು, ಎಫೆಕ್ಟು ಯಾವುದೂ ನಡೆಯಲ್ಲ, ಮೆನು ಕೆಲಸ ಮಾಡ್ತಿಲ್ಲ ಅಂತ ನನಗೆ ಫೋನ್ ಮಾಡೋ ಅರ್ಧ ಜನ ಪಾಸಲ್ಲಿ ಸಿಕ್ಕಾಕೊಂಡಿರ್ತಾರೆ.

ಪ್ಲೇ ಆಗ್ತಿರುವಾಗ ಎಡ ಬಲ ಬಾಣ ಒತ್ತಿದ್ರೆ ಒಂದೊಂದು ಸೆಕೆಂಡ್, ಶಿಫ್ಟ್ ಸೇರಿಸಿ ಒತ್ತಿದ್ರೆ 15 ಸೆಕೆಂಡ್ ಜಿಗಿಯುತ್ತೆ. ನಿಂತಿರುವಾಗ ಇದೇ ಕೆಲಸಕ್ಕೆ ಕಾಮಾ ಮತ್ತೆ ಫುಲ್‌ಸ್ಟಾಪ್ ಕೀ. ಹೋಮ್ ಒತ್ತಿದ್ರೆ ಮೊದಲಿಗೆ, ಎಂಡ್ ಒತ್ತಿದ್ರೆ ಕೊನೆಗೆ. ಎರಡು ಮೂರು ಟ್ರ್ಯಾಕ್ ಇದ್ರೆ ಮೇಲೆ ಕೆಳಗೆ ಬಾಣದಲ್ಲಿ ಓಡಾಡಿ, ಎಂಟರ್ ಒತ್ತಿ ಟ್ರ್ಯಾಕ್ ಸೆಲೆಕ್ಟ್ ಮಾಡಿ. ಯಾವ ಕೀಯೂ ಕೆಲಸ ಮಾಡ್ತಿಲ್ಲ ಅನ್ಸಿದ್ರೆ ಫೋಕಸ್ ಟೂಲ್‌ಬಾರಿಗೆ ಹೋಗಿರುತ್ತೆ, ಟ್ರ್ಯಾಕಿನ ಹೆಸರು ಕೇಳೋ ತನಕ ಕಂಟ್ರೋಲ್ ಎಫ್6 ಒತ್ತಿ.

ಜೂಮ್ ನಮಗ್ಯಾಕೆ ಅಂತ ಬಿಟ್ಟಾಕಬೇಡಿ. ನಿಂತಿರುವಾಗ ಬಾಣದ ಕೀ ಒಂದು ಸಲಕ್ಕೆ ಎಷ್ಟು ದೂರ ಸರಿಯುತ್ತೆ ಅನ್ನೋದು ಜೂಮ್ ಮೇಲೇ ನಿಂತಿದೆ, ಯಾಕಂದ್ರೆ ಅದು ಸರಿಯೋದು ಸ್ಕ್ರೀನಿನ ಒಂದು ಚುಕ್ಕಿಯಷ್ಟು. ಕಂಟ್ರೋಲ್ 2 ಒತ್ತಿ ನಾರ್ಮಲ್ ಜೂಮಿಗೆ ಬಂದ್ರೆ ಒಂದು ಒತ್ತಿಗೆ ಸೆಕೆಂಡಿನ 86ನೇ ಒಂದು ಪಾಲಿನಷ್ಟು ಸರಿಯುತ್ತೆ. ಕಂಟ್ರೋಲ್ 1 ಒತ್ತಿದಷ್ಟೂ ಹೆಜ್ಜೆ ಚಿಕ್ಕದಾಗುತ್ತೆ, ಕಂಟ್ರೋಲ್ 3 ಒತ್ತಿದಷ್ಟೂ ದೊಡ್ಡದಾಗುತ್ತೆ. ಒಂದು ಗಂಟೆಯ ಫೈಲನ್ನ ಪೂರ್ತಿ ಸ್ಕ್ರೀನಿಗೆ ಹಿಡಿಸಿಟ್ಟು ಬಾಣ ಒತ್ತಿದ್ರೆ ಒಂದೊಂದು ಒತ್ತಿಗೂ ಸೆಕೆಂಡುಗಟ್ಟಲೆ ಹಾರಿ ಹೋಗುತ್ತೆ, ಹಾಗಾಗಿ ನಾನು ಕೆಲಸ ಶುರು ಮಾಡೋ ಮುಂಚೆ ಕಣ್ಣು ಮುಚ್ಚಿ ಕಂಟ್ರೋಲ್ 2 ಒತ್ತಿಬಿಡ್ತೀನಿ.

ಒಂದು ಕೆಮ್ಮು ತೆಗೆಯೋದು, ನಿಧಾನವಾಗಿ

ಈಗ ಅಸಲಿ ಕೆಲಸ. ಅಜ್ಜಿ ಒಂದು ಸೊಲ್ಲು ಮುಗಿಸಿ "ಸೋ" ಅಂತ ಎಳೀತಾರೆ, ಆ ಎಳೆತ ಸಣ್ಣಗಾಗ್ತಾ ಆಗ್ತಾ ಕೆಮ್ಮು ಬರುತ್ತೆ, ಎರಡು ಸಲ ಕೆಮ್ಮಿ, ಉಸಿರು ತಗೊಂಡು ಮುಂದಿನ ಸೊಲ್ಲು. ನಮಗೆ ಕೆಮ್ಮು ಹೋಗಬೇಕು, "ಸೋ" ಪೂರ್ತಿ ಉಳೀಬೇಕು, ಉಸಿರೂ ಉಳೀಬೇಕು. ಉಸಿರು ತೆಗೆದುಬಿಟ್ರೆ ಹಾಡೋರು ಮನುಷ್ಯರ ಥರ ಕೇಳಲ್ಲ, ಇದನ್ನ ತುಂಬ ಜನ ಮಾಡ್ತಾರೆ, ದಯವಿಟ್ಟು ಮಾಡಬೇಡಿ.

ಮೊದಲು, ಪ್ಲೇ ಮಾಡಿ. ಕೆಮ್ಮು ಶುರುವಾಗೋ ಹೊತ್ತಿಗೆ ಎಡ ಚೌಕ ಬ್ರ್ಯಾಕೆಟ್ ಒತ್ತಿ, ಅಂದ್ರೆ ಪಿ ಅಕ್ಷರದ ಬಲಕ್ಕೆ ಅಂಟ್ಕೊಂಡಿರೋ ಕೀ. ಕೆಮ್ಮು ಮುಗಿದ ತಕ್ಷಣ ಅದರ ಪಕ್ಕದ ಬಲ ಚೌಕ ಬ್ರ್ಯಾಕೆಟ್. ಸ್ಪೇಸ್ ಒತ್ತಿ ನಿಲ್ಲಿಸಿ. ಈಗ ಆ ಎರಡರ ಮಧ್ಯೆ ಇರೋದು ಸೆಲೆಕ್ಟ್ ಆಗಿದೆ. ಅದು ಸರಿಯಾದ ಜಾಗ ಆಗಿರಲ್ಲ, ಯಾರಿಗೂ ಆಗಿರಲ್ಲ, ಕಿವಿ ಕೇಳಿ ಬೆರಳು ಒತ್ತೋ ಹೊತ್ತಿಗೆ ಸ್ವಲ್ಪ ತಡ ಆಗೇ ಆಗುತ್ತೆ. ಅಂದಾಜು ಗುರುತು ಅಷ್ಟೇ ಇದು, ಬಟ್ಟೆ ಮೇಲೆ ಟೈಲರ್ ಚಾಕ್ ಪೀಸಲ್ಲಿ ಎಳೆದಂಗೆ.

ಆಮೇಲೆ ನಾಲ್ಕು ಕೀಗಳಲ್ಲಿ ಗಡಿ ಪರೀಕ್ಷೆ ಮಾಡೋದು. ಶಿಫ್ಟ್ ಎಫ್5 ಒತ್ತಿದ್ರೆ ಸೆಲೆಕ್ಷನ್ ಶುರುವಾಗೋಕೆ ಸ್ವಲ್ಪ ಮುಂಚಿನದು ಕೇಳಿಸುತ್ತೆ, ಅದರಲ್ಲಿ "ಸೋ" ಮಾತ್ರ ಇರಬೇಕು, ಕೊನೇಲಿ ಕೆಮ್ಮಿನ ಚೂರು ಕೇಳಿಸಿದ್ರೆ ನಮ್ಮ ಎಡ ಗಡಿ ತಡವಾಗಿ ಬಿದ್ದಿದೆ ಅಂತ ಅರ್ಥ. ಶಿಫ್ಟ್ ಎಫ್6 ಶುರುವಿನ ನಂತರದ್ದು, ಒತ್ತಿದ ತಕ್ಷಣ ಕೆಮ್ಮೇ ಕೇಳಿಸಬೇಕು, "ಸೋ"ದ ಬಾಲ ಕೇಳಿಸಬಾರದು. ಶಿಫ್ಟ್ ಎಫ್7 ಕೊನೆಗೆ ಮುಂಚಿನದು, ಅದರಲ್ಲಿ ಕೆಮ್ಮಿನ ಬಾಲ. ಶಿಫ್ಟ್ ಎಫ್8 ಕೊನೆಯ ನಂತರದ್ದು, ಅದರಲ್ಲಿ ಮೊದಲು ಕೇಳಿಸಬೇಕಾದ್ದು ಉಸಿರು. ಈ ನಾಲ್ಕನ್ನ ಐದಾರು ಸಲ ಒತ್ತಿ ಒತ್ತಿ ಕೇಳಿ, ನಾಚಿಕೆ ಪಡಬೇಡಿ, ನಾನು ಈಗಲೂ ಒಂದು ಕಷ್ಟದ ಜಾಗಕ್ಕೆ ಇಪ್ಪತ್ತು ಸಲ ಒತ್ತುತ್ತೀನಿ. ನಾನು ಹೇಳಿದ ಕಿವಿಯ ಕೆಲಸ ಅಂದ್ರೆ ಇದೇ.

ಗಡಿ ಸರಿಸೋದು ಹೀಗೆ. ಶಿಫ್ಟ್ ಎಡ ಬಾಣ ಒತ್ತಿದ್ರೆ ಎಡ ಗಡಿ ಇನ್ನೂ ಎಡಕ್ಕೆ ಹೋಗುತ್ತೆ, ಸೆಲೆಕ್ಷನ್ ಹಿಗ್ಗುತ್ತೆ. ಶಿಫ್ಟ್ ಬಲ ಬಾಣ ಒತ್ತಿದ್ರೆ ಬಲ ಗಡಿ ಬಲಕ್ಕೆ. ಕುಗ್ಗಿಸೋಕೆ ಕಂಟ್ರೋಲ್ ಸೇರಿಸಿ, ಕಂಟ್ರೋಲ್ ಶಿಫ್ಟ್ ಬಲ ಬಾಣ ಅಂದ್ರೆ ಎಡ ಗಡಿ ಬಲಕ್ಕೆ ಒಳಗೆ ಬರುತ್ತೆ, ಕಂಟ್ರೋಲ್ ಶಿಫ್ಟ್ ಎಡ ಬಾಣ ಅಂದ್ರೆ ಬಲ ಗಡಿ ಎಡಕ್ಕೆ ಒಳಗೆ. ಮೊದಮೊದಲು ಇದು ತಲೆ ತಿನ್ನುತ್ತೆ. ನಾನು ನೆನಪಿಟ್ಕೊಂಡಿದ್ದು ಹೀಗೆ: ಬಾಣ ಯಾವ ಕಡೆಗೋ ಗಡಿ ಸರಿಯೋದೂ ಆ ಕಡೆಗೇ, ಕಂಟ್ರೋಲ್ ಇಲ್ಲದಿದ್ರೆ ಹಿಗ್ಗೋದು, ಇದ್ರೆ ಕುಗ್ಗೋದು. ಒಂದೆರಡು ಒತ್ತು ಸರಿಸಿ, ಮತ್ತೆ ಆ ಎಫ್5 ಎಫ್6, ಮತ್ತೆ ಸರಿಸಿ.

ಗಡಿ ಸರಿಹೋಯ್ತು ಅನ್ಸಿದ್ಮೇಲೆ ಸಿ ಒತ್ತಿ. ಇದೊಂದು ಅದ್ಭುತವಾದ ಕೀ. ಕತ್ತರಿಸೋ ಮುಂಚೇನೇ ಕತ್ತರಿಸಿದ್ಮೇಲೆ ಹೇಗೆ ಕೇಳುತ್ತೆ ಅಂತ ಕೇಳಿಸುತ್ತೆ, ಹಿಂದಿನ ಎರಡು ಸೆಕೆಂಡು, ಕೆಮ್ಮು ಬಿಟ್ಟು, ಮುಂದಿನ ಒಂದು ಸೆಕೆಂಡು. "ಸೋ" ಸಣ್ಣಗಾಗಿ, ಉಸಿರು, ಹಾಡು, ಹೀಗೆ ತಡವರಿಸದೆ ಬಂದ್ರೆ ಆಯ್ತು. ಪ್ರಿಫರೆನ್ಸಸ್ಸಲ್ಲಿ ಪ್ಲೇಬ್ಯಾಕ್ ಕಡೆ ಈ ಸೆಕೆಂಡುಗಳನ್ನ ಬದಲಾಯಿಸ್ಕೋಬಹುದು, ಹಾಡಿಗೆ ನಾನು ಮುಂದಿನದನ್ನ ಎರಡು ಮಾಡ್ಕೊಂಡಿದೀನಿ, ತಾಳ ತಪ್ಪಿದ್ರೆ ಗೊತ್ತಾಗೋಕೆ ಒಂದು ಸೆಕೆಂಡ್ ಸಾಲಲ್ಲ.

ಡಿಲೀಟ್ ಒತ್ತೋ ಮುಂಚೆ ಝಡ್ ಒತ್ತಿ. ಸೌಂಡಿನ ಅಲೆ ಸೊನ್ನೆ ದಾಟೋ ಹತ್ತಿರದ ಜಾಗಕ್ಕೆ ಎರಡೂ ಗಡೀನ ಕೂರಿಸುತ್ತೆ, ಇಲ್ಲಾಂದ್ರೆ ಅಂಟಿಸಿದ ಜಾಗದಲ್ಲಿ ಟಿಕ್ ಅಂತ ಸಣ್ಣ ಸದ್ದು ಬರೋ ಸಾಧ್ಯತೆ ಇರುತ್ತೆ. ಆಮೇಲೆ ಡಿಲೀಟ್. ಕರ್ಸರ್ ಸರಿಯಾಗಿ ಬೆಸುಗೆ ಜಾಗದಲ್ಲೇ ಇರುತ್ತೆ, ಕಾಮಾ ಎರಡು ಸಲ ಒತ್ತಿ ಎರಡು ಸೆಕೆಂಡ್ ಹಿಂದೆ ಹೋಗಿ ಸ್ಪೇಸ್ ಒತ್ತಿ ಕೇಳಿ. ಚೆನ್ನಾಗಿಲ್ಲವಾ, ಕಂಟ್ರೋಲ್ ಝಡ್, ಎಷ್ಟು ಸಲ ಬೇಕಾದ್ರೂ ಹಿಂದೆ ಬರಬಹುದು, ಏನೂ ಹಾಳಾಗಲ್ಲ.

ಒಂದು ವಿಷಯ. ಕೆಮ್ಮು ಹಾಡಿನ ಅಕ್ಷರದ ಮೇಲೇ ಬಂದಿದ್ರೆ ಕತ್ತರಿಸೋಕೆ ಹೋಗಬೇಡಿ, ಬಿಟ್ಟುಬಿಡಿ. ಅಜ್ಜಿ ರೆಕಾರ್ಡಿಂಗಲ್ಲಿ ಅಂಥವು ಎರಡು ಇವೆ, ಹಾಗೇ ಇಟ್ಟಿದೀನಿ. ಅಕ್ಷರ ಕಳ್ಕೊಳೋದಕ್ಕಿಂತ ಕೆಮ್ಮೇ ವಾಸಿ.

ಮತ್ತೆ, ಕೆಮ್ಮು ತೆಗೆದ್ರೆ ಅಂತರ ತುಂಬ ಕಮ್ಮಿ ಆಗಿ ಲಯ ಓಡಿದಂಗೆ ಅನ್ಸೋ ಕಡೆ ಡಿಲೀಟ್ ಬದಲು ತೇಪೆ ಹಾಕ್ಬೇಕು. ಕಂಟ್ರೋಲ್ ಎಲ್ ಒತ್ತಿದ್ರೆ ಆ ಜಾಗ ಪೂರ್ತಿ ಮೌನ ಆಗುತ್ತೆ, ಆದ್ರೆ ಅದು ಸತ್ತ ಮೌನ, ಹಿಂದಿನ ಜಗಲಿಯ ಗಾಳಿ ಸದ್ದೆಲ್ಲ ಒಮ್ಮೆಲೇ ನಿಂತು ಮತ್ತೆ ಶುರುವಾಗುತ್ತೆ, ಕಿವಿಗೆ ಗುಂಡಿ ಬಿದ್ದಂಗೆ ಆಗುತ್ತೆ. ಅದಕ್ಕೇ ಮೊದಲೇ ಹತ್ತು ಸೆಕೆಂಡ್ ಖಾಲಿ ರೆಕಾರ್ಡ್ ಮಾಡಿ ಅಂದಿದ್ದು. ಅದರಿಂದ ಬೇಕಾದಷ್ಟು ಉದ್ದ ಕಂಟ್ರೋಲ್ ಸಿ ಮಾಡ್ಕೊಂಡು, ಕೆಮ್ಮು ಸೆಲೆಕ್ಟ್ ಆಗಿರೋ ಜಾಗದಲ್ಲಿ ಕಂಟ್ರೋಲ್ ವಿ ಮಾಡಿ, ಜಗಲಿ ಜಗಲಿಯಾಗೇ ಉಳಿಯುತ್ತೆ.

ಉದ್ದದ ಫೈಲಲ್ಲಿ ಗುರುತು ಹಾಕ್ಕೊಳೋದು

38 ನಿಮಿಷಾನೂ ಒಂದೇ ಸಲ ಕೇಳ್ತಾ ಕೇಳ್ತಾ ಕತ್ತರಿಸೋಕೆ ಹೋದ್ರೆ ಎಲ್ಲಿದ್ದೆ ಅಂತಾನೇ ಮರೆತೋಗುತ್ತೆ. ಮೊದಲ ಸುತ್ತು ಬರೀ ಕೇಳಿ, ಹಾಡು ಶುರುವಾದಾಗ, ನಿಂತಾಗ, ಗಲಾಟೆ ಬಂದಾಗ ಕಂಟ್ರೋಲ್ ಎಂ ಒತ್ತಿ. ಹೆಸರು ಕೇಳೋ ಪೆಟ್ಟಿಗೆ ಬರುತ್ತೆ (ಆಗ ಪ್ರಿಫರೆನ್ಸಲ್ಲಿ ಹಾಕಿದ್ದು ಇದಕ್ಕೇ, ಅದಿಲ್ಲಾಂದ್ರೆ ಫೋಕಸ್ ಎಲ್ಲಿ ಹೋಯ್ತು ಅಂತ ಹುಡುಕ್ತಾ ಕೂರಬೇಕು), "ಹಾಡು 2 ಶುರು", "ಟ್ರ್ಯಾಕ್ಟರ್" ಅಂತ ಏನಾದ್ರೂ ಬರೆದು ಎಂಟರ್. ಆಮೇಲೆ ಆಲ್ಟ್ ಬಲ ಬಾಣ, ಆಲ್ಟ್ ಎಡ ಬಾಣ ಒತ್ತಿ ಲೇಬಲಿಂದ ಲೇಬಲಿಗೆ ಹಾರಬಹುದು, ಎನ್‌ವಿಡಿಎ ಹೆಸರು ಓದುತ್ತೆ. ನಿಮಿಷ ಸೆಕೆಂಡ್ ಗೊತ್ತಿದ್ರೆ ಇನ್ನೂ ಸುಲಭ, ನಿಂತಿರುವಾಗ ಎಡ ಬ್ರ್ಯಾಕೆಟ್ ಒತ್ತಿದ್ರೆ ಸಮಯ ಕೇಳೋ ಪೆಟ್ಟಿಗೆ ಬರುತ್ತೆ, ಅಂಕಿ ಒತ್ತಿ ಎಂಟರ್ ಮಾಡಿ.

ಕತ್ತರಿಸೋದನ್ನ ಕೊನೆಯಿಂದ ಮೊದಲಿಗೆ ಮಾಡಿ. ಮೊದಲಿನದು ಕತ್ತರಿಸಿದ್ರೆ ಮುಂದಿನದೆಲ್ಲ ಜರುಗುತ್ತೆ, ನೀವು ಬ್ರೈಲಲ್ಲೋ ಫೋನಲ್ಲೋ ಬರ್ಕೊಂಡಿರೋ ಸಮಯ ಎಲ್ಲ ತಪ್ಪಾಗುತ್ತೆ.

ಹಿನ್ನೆಲೆ ಸದ್ದು ತಗ್ಗಿಸೋದು

ಖಾಲಿ ಹತ್ತು ಸೆಕೆಂಡಿನ ಎರಡನೇ ಉಪಯೋಗ ಇಲ್ಲಿ. ಅದನ್ನ ಸೆಲೆಕ್ಟ್ ಮಾಡಿ ಎಫೆಕ್ಟ್ ಮೆನುವಿನ ನಾಯ್ಸ್ ರಿಡಕ್ಷನ್ ತೆಗೀರಿ, ಗೆಟ್ ನಾಯ್ಸ್ ಪ್ರೊಫೈಲ್ ಬಟನ್ ಒತ್ತಿ, ಪೆಟ್ಟಿಗೆ ತಾನೇ ಮುಚ್ಚೋಗುತ್ತೆ. ಈಗ ಕಂಟ್ರೋಲ್ ಎ ಒತ್ತಿ ಎಲ್ಲ ಸೆಲೆಕ್ಟ್ ಮಾಡಿ, ಮತ್ತೆ ಅದೇ ಎಫೆಕ್ಟ್ ತೆಗೀರಿ. ನಾಯ್ಸ್ ರಿಡಕ್ಷನ್ ಡೆಸಿಬಲ್ 6ರಲ್ಲಿ ಶುರು ಮಾಡಿ, ಸಾಲದಿದ್ರೆ 9, ಹೆಚ್ಚೆಂದ್ರೆ 12. ಅದಕ್ಕಿಂತ ಮೇಲೆ ಹೋದ್ರೆ ಅಜ್ಜಿ ನೀರೊಳಗಿಂದ ಹಾಡ್ತಿರೋ ಥರ ಕೇಳುತ್ತೆ.

ಎಷ್ಟು ಜಾಸ್ತಿ ಆಯ್ತು ಅಂತ ತಿಳ್ಕೊಳೋಕೆ ಅಲ್ಲೇ ರೆಸಿಡ್ಯೂ ಅಂತ ಒಂದು ಆಯ್ಕೆ ಇದೆ. ಅದನ್ನ ಆರಿಸಿ ಪ್ರಿವ್ಯೂ ಒತ್ತಿದ್ರೆ, ತೆಗೆದು ಬಿಸಾಕ್ತಾ ಇರೋದು ಮಾತ್ರ ಕೇಳಿಸುತ್ತೆ. ಅದರಲ್ಲಿ ಬರೀ ಸುಯ್ ಅನ್ನೋ ಸದ್ದಿದ್ರೆ ಸರಿ, ಹಾಡಿನ ಪದ ಕೇಳಿಸ್ತಿದ್ರೆ ಅತಿ ಆಯ್ತು, ಇಳಿಸಿ. ಕೇಳಿದ್ಮೇಲೆ ಮರೆಯದೆ ರೆಡ್ಯೂಸ್‌ಗೆ ವಾಪಸ್ ಬಂದು ಓಕೆ ಒತ್ತಿ, ಇಲ್ಲಾಂದ್ರೆ ಕಸ ಉಳಿದು ಹಾಡೇ ಹೋಗುತ್ತೆ. ಒಂದೇ ಸಮ ಬರೋ ಫ್ಯಾನು ಮೋಟ್ರಿನ ಸದ್ದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತೆ, ಕೋಳಿಗೂ ಟ್ರ್ಯಾಕ್ಟರಿಗೂ ಇದು ಬಗ್ಗಲ್ಲ. ತಗ್ಗು ಸ್ವರದಲ್ಲಿ ಗುಡುಗುಡು ಅನ್ನೋ ಸದ್ದಿಗೆ ಹೈ ಪಾಸ್ ಫಿಲ್ಟರ್ 80 ಹರ್ಟ್ಸಿಗೆ ಹಾಕಿ, ಹೆಂಗಸರ ಧ್ವನಿಗೆ 100 ಹಾಕಿದ್ರೂ ನಡೆಯುತ್ತೆ.

ಟ್ರಂಕೇಟ್ ಸೈಲೆನ್ಸ್ ಅಂತ ಒಂದಿದೆ, ಉದ್ದುದ್ದ ಮೌನಾನ ತಾನೇ ಚಿಕ್ಕದು ಮಾಡುತ್ತೆ. ಪಾಠದ ರೆಕಾರ್ಡಿಂಗಿಗೆ ಸರಿ, ಹಾಡಿಗೆ ಬೇಡ.

ಸೌಂಡ್ ಮಟ್ಟ, ಸೇವು, ಎಕ್ಸ್‌ಪೋರ್ಟು

ಕೊನೆಗೆ ಲೌಡ್‌ನೆಸ್ ನಾರ್ಮಲೈಸೇಷನ್, ಅದರಲ್ಲಿ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರಾಗಿ ಕೇಳುತ್ತೆ ಅನ್ನೋದರ ಅಳತೆ) ಹಾಕಿ, ಮೊನೋನ (ಒಂದೇ ಚಾನೆಲ್ಲಿನ ಸೌಂಡನ್ನ) ಡ್ಯುಯಲ್ ಮೊನೋ ಅಂತ ತಗೊಳ್ಳೋ ಚೆಕ್‌ಬಾಕ್ಸ್ ಹಾಕೇ ಇರಲಿ. ಫೋನಲ್ಲಿ ಕೇಳೋರಿಗೆ ಇಷ್ಟು ಸಾಕು.

ಕಂಟ್ರೋಲ್ ಎಸ್ ಒತ್ತಿದ್ರೆ ಸೇವ್ ಆಗೋದು ಪ್ರಾಜೆಕ್ಟು, ಹಾಡಲ್ಲ, ಅದನ್ನ ವಾಟ್ಸಾಪಲ್ಲಿ ಕಳಿಸಿದ್ರೆ ಯಾರಿಗೂ ತೆರೆಯಲ್ಲ. ಹೊಸ ವರ್ಷನ್ನುಗಳಲ್ಲಿ ಕ್ಲೌಡಾ ಕಂಪ್ಯೂಟರಾ ಅಂತ ಕೇಳುತ್ತೆ, ಕಂಪ್ಯೂಟರ್ ಅನ್ನಿ. 2021ರಲ್ಲಿ ಬಂದ 3.0ರಿಂದ ಈಚೆಗೆ ಪ್ರಾಜೆಕ್ಟ್ ಎಲ್ಲ ಎಯುಪಿ3 ಅನ್ನೋ ಒಂದೇ ಫೈಲಲ್ಲಿ ಇರುತ್ತೆ, ಹಳೇ ಎಯುಪಿ ಪ್ರಾಜೆಕ್ಟಿಗೆ ಜೊತೇಲಿ ಡೇಟಾ ಅಂತ ಕೊನೆಯಾಗೋ ಒಂದು ಫೋಲ್ಡರ್ ಇರ್ತಿತ್ತು, ಸೌಂಡೆಲ್ಲ ಇರ್ತಿದ್ದಿದ್ದು ಅದರಲ್ಲಿ. ನಿಮ್ಮ ಹತ್ರ ಹಳೇದು ಇದ್ರೆ ಪೆನ್‌ಡ್ರೈವಿಗೆ ಎರಡನ್ನೂ ಸೇರಿಸಿ ಹಾಕಿ. ನಾನು ಬರೀ ಎಯುಪಿ ಫೈಲ್ ಹಾಕ್ಕೊಂಡು ಬಂದು, ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಿ, ಚಿಕ್ಕಪ್ಪ ಹೇಳಿದ್ದ ರಾಗಿ ಬೀಸೋ ಪದಗಳನ್ನ ಕಳ್ಕೊಂಡಿದೀನಿ. ಅವರು ಈಗಿಲ್ಲ.

ಎಕ್ಸ್‌ಪೋರ್ಟಿಗೆ, ಅಂದ್ರೆ ಯಾರು ಬೇಕಾದ್ರೂ ಕೇಳೋ ಥರದ ಫೈಲ್ ಮಾಡೋಕೆ, ಕಂಟ್ರೋಲ್ ಶಿಫ್ಟ್ ಇ. ಹೆಸರು, ಫೋಲ್ಡರ್, ಫಾರ್ಮ್ಯಾಟ್ ಅಂತ ಟ್ಯಾಬಲ್ಲಿ ಒಂದೊಂದಾಗಿ ಬರುತ್ತೆ. ಹಂಚೋಕೆ ಎಂಪಿ3, ಮೊನೋ, 64 ಕೆಬಿಪಿಎಸ್, 11 ನಿಮಿಷಕ್ಕೆ 5 ಎಂಬಿ ಚಿಲ್ಲರೆ ಆಗುತ್ತೆ. ಇಟ್ಕೊಳೋಕೆ ಡಬ್ಲ್ಯೂಎವಿ, 38 ನಿಮಿಷದ ಮೊನೋ ಸುಮಾರು 200 ಎಂಬಿ.

ಬಹು ಟ್ರ್ಯಾಕಿನ ದೊಡ್ಡ ಕೆಲಸ, ಸಂಗೀತದ ಮಿಕ್ಸಿಂಗು ಮಾಡೋ ಆಸೆ ಇರೋರು ಮುಂದೆ ರೀಪರ್ ಅನ್ನೋ ಇನ್ನೊಂದು ಆಡಿಯೋ ಸಾಫ್ಟ್‌ವೇರ್ ಕಡೆ ಹೋಗಬಹುದು. ಅದಕ್ಕೆ ಒಸಾರಾ ಅನ್ನೋ ಉಚಿತ ಎಕ್ಸ್‌ಟೆನ್ಷನ್ ಹಾಕಿದ್ರೆ ಸ್ಕ್ರೀನ್ ರೀಡರಲ್ಲಿ ಚೆನ್ನಾಗಿ ಮಾತಾಡುತ್ತೆ, ಅದನ್ನ ಶುರು ಮಾಡಿದ ಡೆವಲಪರ್ರೇ ಕಣ್ಣು ಕಾಣದವರು, ಎನ್‌ವಿಡಿಎಗೂ ದುಡಿದೋರು. ಆದ್ರೆ ರೀಪರಿಗೆ ಲೈಸೆನ್ಸ್ ದುಡ್ಡಿದೆ, 60 ದಿನ ಪರೀಕ್ಷೆ ಮಾಡಿ ನೋಡಬಹುದು. ಮೊದಲು ಆಡಾಸಿಟೀಲಿ ಕೈ ಕುದುರಲಿ.

ಅಜ್ಜಿಗೆ 11 ನಿಮಿಷದ್ದನ್ನ ಫೋನಲ್ಲಿ ಕೇಳಿಸಿದೆ. ಪೂರ್ತಿ ಕೇಳಿ, "ನಾನು ಮಧ್ಯ್ದಲ್ಲಿ ಯೋಳಿದ್ನಲ್ಲಾ, ಯಾವ ಪದ ಚಪ್ಪರುಕ್ಕೆ ಯಾವುದು ಧಾರೆಗೆ ಅಂತವ, ಅದೆಲ್ಗೋಯ್ತ್ಲಾ ಮಗ?" ಅಂದ್ರು. ಮೂಲ ಫೈಲ್ ಅಳಿಸಿರಲಿಲ್ಲ. ಅವತ್ತು ರಾತ್ರೀನೇ ಕೂತು ಆ ಮಿಕ್ಕ 27 ನಿಮಿಷಕ್ಕೂ ಲೇಬಲ್ ಹಾಕಿದೆ, "ಚಪ್ಪರ", "ಧಾರೆ", "ಹೆಣ್ಣು ಒಪ್ಪಿಸೋದು", ಕೆಮ್ಮು ಸಮೇತ, ಟ್ರ್ಯಾಕ್ಟರ್ ಸಮೇತ. ನೀವೂ ಮೂಲದ ಡಬ್ಲ್ಯೂಎವಿ ಫೈಲನ್ನ ಮುಟ್ಟದೆ ಬೇರೆ ಫೋಲ್ಡರಲ್ಲಿ ಇಡಿ, ಹೆಸರಲ್ಲಿ ತಾರೀಖು ಮತ್ತೆ ಊರು ಹಾಕಿ, ಇನ್ನೊಂದು ಕಾಪಿ ಪೆನ್‌ಡ್ರೈವಲ್ಲಿ ಇರಲಿ.